ಮಂಗಳದ ಮಣ್ಣಿಗೊಂದು ಮಡಿ

ಅಮೆರಿಕದ ಟೊರೆನ್ಸ್‌ನ ಬೀದಿದೀಪಗಳು ಇನ್ನೂ ಆರಿಲ್ಲ. ನಸುಕಿನ ಫಜ್ರ್ ನಮಾಜ್ ಮುಗಿಸಿ ಬಂದ ಸಾಲೆಹಾ ಕಾರಿನ ಕೀ ಹುಡುಕುತ್ತಲೇ ಲೇಖನಕ್ಕಾಗಿ ಬಂದ ನನಗೆ ಸಲಾಂ ಹೇಳುತ್ತಾರೆ. ಮೈಸೂರಿನ ಮಂಡಿ ಮೊಹಲ್ಲಾದವರು, ಆದರೆ ಪಕ್ಕದಲ್ಲಿ ಕುಳಿತರೆ ಗಂಧವಿಲ್ಲ, ಮಲ್ಲಿಗೆಯಿಲ್ಲ, ಅತ್ತರಿನ ಸುಳಿವೂ ಇಲ್ಲ. ತಲೆಗೆ ಎಣ್ಣೆ, ಮುಖಕ್ಕೆ ಪೌಡರ್ ಎಲ್ಲ ರಜೆಯ ದಿನಕ್ಕೆ ಮೀಸಲು. ಊರಿನ ಮಾನ ಕಳೆದಿರಲ್ಲ ಎಂದು ಕಾಲೆಳೆದರೆ ಎಲ್ ಸೆಗುಂಡೋ ತಲುಪುವವರೆಗೂ ನಗುತ್ತಾರೆ.

ಅಲ್ಲಿನ ಪುಟ್ಟ ಕಂಪನಿಯೊಂದರ, ಧೂಳಿನ ಕಣವೂ ನುಸುಳಬಾರದ ಕ್ಲೀನ್‌ರೂಮ್‌ನಲ್ಲಿ ಅವರು ಟೆಕ್ನಿಷಿಯನ್. ಗೌನು, ಟೋಪಿ, ಮಾಸ್ಕು, ಜೋಡಿ ಗ್ಲೌಸು ತೊಟ್ಟು ಒಳಗೆ ಹೋಗುವ ಹೊತ್ತಿಗೆ ಸಾಲೆಹಾ ಎಂದರೆ ಬರೀ ಎರಡು ಕಣ್ಣು. ನಾನು ಗಾಜಿನಾಚೆ ನಿಂತು ನೋಡುತ್ತೇನೆ. ಕಿರುಬೆರಳಿನಷ್ಟು ದಪ್ಪದ ಲೋಹದ ನಳಿಗೆಗಳನ್ನು ಒಂದೊಂದಾಗಿ ಎತ್ತಿ, ಆಲ್ಕೋಹಾಲ್‌ನಲ್ಲಿ ನೆನೆದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸುತ್ತಾರೆ. ಹಿಂದೆ ಮುಂದೆ ಉಜ್ಜಿದರೆ ತೆಗೆದ ಕೊಳೆಯನ್ನೇ ಮತ್ತೆ ಬಳಿದಂತೆ. ಆಮೇಲೆ ಫಾಯಿಲ್‌ನಲ್ಲಿ ಮಡಿಸಿ ಓವನ್‌ಗೆ ಇಡುತ್ತಾರೆ. ಅಳಿದುಳಿದ ಸೂಕ್ಷ್ಮಜೀವಿಗಳು ಆ ಬಿಸಿಯಲ್ಲಿ ಸಾಯಬೇಕು.

ಮಂಗಳ ಗ್ರಹಕ್ಕೆ ಮುಂದೆ ಹೋಗುವ ನೌಕೆಗಳು ಮೊದಲು ಏನು ಮಾಡಬೇಕು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ನೀರಿನ ಜಾಡು ಹಿಡಿಯಲಿ ಎನ್ನುವವರಿದ್ದಾರೆ, ಆಳಕ್ಕೆ ಕೊರೆಯಲಿ ಎನ್ನುವವರಿದ್ದಾರೆ. ಅಲ್ಲಿನ ಮಣ್ಣನ್ನೇ ನಳಿಗೆಯಲ್ಲಿ ತುಂಬಿ ತಂದು, ಅಲ್ಲಿ ಜೀವ ಇತ್ತೇ ಎಂದು ಇಲ್ಲಿ ಹುಡುಕೋಣ ಎಂಬುದು ಸಾಲೆಹಾರ ತಂಡದ ವಾದ. ಆದರೆ ನಮ್ಮದೇ ಒಂದು ಸೂಕ್ಷ್ಮಜೀವಿ ಆ ನಳಿಗೆಯಲ್ಲಿ ಕೂತು ಹೋಗಿ ಬಂದರೆ ಕಥೆ ಮುಗಿಯಿತು. ಮಂಗಳದಲ್ಲಿ ಜೀವ ಸಿಕ್ಕಿತೆಂದು ಲೋಕವೆಲ್ಲ ಕುಣಿದಾದ ಮೇಲೆ, ಅದು ಎಲ್ ಸೆಗುಂಡೋದ್ದು ಎಂದು ಗೊತ್ತಾಗುತ್ತದೆ.

ಈ ಶುಚಿತ್ವಕ್ಕೆ ‘ಮಡಿ’ ಎಂದು ಹೆಸರಿಟ್ಟವರು ಸಾಲೆಹಾ. "ಮೈಸೂರಲ್ಲಿ ಪಕ್ಕದ್ಮನೆ ಅಜ್ಜಿ ಮಡಿ ಉಟ್ರೆ ನಾವು ಮಕ್ಕಳು ದೂರ ನಿಲ್ತಿದ್ವಿ. ಈಗ ನಾನೇ ಮಡಿ, ನೀವೆಲ್ಲ ದೂರ ನಿಲ್ಬೇಕು," ಎನ್ನುತ್ತಾರೆ. ತಂಡದ ಇಂಜಿನಿಯರ್ ಜಯದೇವ ಧಾರವಾಡದವರು, ಆ ಮಾತು ಅವರಿಗೆ ತುಂಬ ಹಿಡಿಸಿತು. ಈಗ ಅಮೆರಿಕನ್ ಸಹೋದ್ಯೋಗಿಗಳೂ ಅದನ್ನೇ ಬಳಸುತ್ತಾರೆ.

ಸಾಲೆಹಾ ಮೈಸೂರಿನಲ್ಲಿ ಇಂಜೆಕ್ಷನ್ ಬಾಟಲಿ ತುಂಬುವ ಕಾರ್ಖಾನೆಯಲ್ಲಿದ್ದವರು. ಗಂಡ ಇಕ್ಬಾಲ್ ಜೊತೆ ಇಲ್ಲಿಗೆ ಬಂದು ಕೆಲಸ ಹುಡುಕಲು ಹೊರಟದ್ದು 2001ರ ಕೊನೆಯಲ್ಲಿ. ತಲೆವಸ್ತ್ರ ಕಂಡ ಕಡೆಯಿಂದ ಮತ್ತೆ ಫೋನ್ ಬರುತ್ತಿರಲಿಲ್ಲ. "ಈ ರೂಮಲ್ಲಿ ಎಲ್ರೂ ತಲೆ ಮುಚ್ಕೊಳ್ಲೇಬೇಕು. ನನ್ನನ್ನ ಯಾರೂ ತಿರುಗಿ ನೋಡಲ್ಲ," ಎನ್ನುವಾಗ ಅವರು ನಗುತ್ತಿದ್ದರು, ನನಗೆ ನಗು ಬರಲಿಲ್ಲ.

ಇಷ್ಟು ಜೋಪಾನದ ಸಾಲೆಹಾರ ಕೈಯಿಂದಲೂ ಹೋದ ವರ್ಷ ಒಂದು ತಪ್ಪಾಯಿತು. ಸ್ಯಾನ್ ಡಿಯಾಗೋದ ಕರ್ನಿ ಮೆಸಾದಲ್ಲಿ ವಿಜ್ಞಾನಿಗಳ ಸಮಿತಿಯೊಂದು ಮುಂದಿನ ಯೋಜನೆಗಳನ್ನು ಆರಿಸಲು ಸೇರುವುದಿತ್ತು. ಹಿಂದಿನ ಸಂಜೆ ಜಯದೇವ ಇಂಟರ್‌ಕಾಮ್‌ನಲ್ಲಿ "ಮಡಿ ಆತೇನ್ರಿ?" ಎಂದು ಕೇಳಿದರು. ಫ್ಯಾನಿನ ಸದ್ದು, ಧಾರವಾಡದ ವೇಗ. ಸಾಲೆಹಾಗೆ ಕೇಳಿಸಿದ್ದು "ಮಡಿಸಿ ಆತೇನ್ರಿ?" ಎಂದು. ಫಾಯಿಲ್‌ನಲ್ಲಿ ಮಡಿಸಿ ಆಗಿತ್ತು, ಓವನ್‌ಗೆ ಇಟ್ಟಿರಲಿಲ್ಲ. ಆಯ್ತು ಸರ್ ಎಂದು ಹೇಳಿ ಮನೆಗೆ ಹೋದರು. ಬೆಳಿಗ್ಗೆ ಬಂದು ನೋಡಿದರೆ ನಳಿಗೆಗಳ ಕಪಾಟು ಖಾಲಿ, ಜಯದೇವ ಅವನ್ನು ಸಭೆಗೆ ಒಯ್ದಾಗಿತ್ತು.

ಫೋನ್ ಮಾಡಿದಾಗ ಜಯದೇವ ಆಗಲೇ ಸಭೆಯ ಬಾಗಿಲಲ್ಲಿದ್ದರು. ಸಮಿತಿಯವರು ಅಂದು ನಳಿಗೆಗಳನ್ನು ಬರೀ ಕಣ್ಣಿಂದ ನೋಡುವವರು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. "ನೋಡಿದ್ರೆ ಅವರಿಗೆ ಗೊತ್ತಾಗಲ್ಲ ಸರ್, ಅದಕ್ಕೇ ನಾವೇ ಹೇಳ್ಬೇಕು," ಎಂದರಂತೆ ಸಾಲೆಹಾ. ತಾನೂ ಅದನ್ನೇ ಯೋಚಿಸುತ್ತಿದ್ದೆ ಎನ್ನುತ್ತಾರೆ ಜಯದೇವ. ಅವರು ಒಳಗೆ ಹೋಗಿ ನಳಿಗೆಗಳು ಶುದ್ಧವಾಗಿಲ್ಲ ಎಂದು ಹೇಳಿದರು. ಆ ವರ್ಷದ ಪಟ್ಟಿಯಿಂದ ತಂಡದ ಯೋಜನೆ ಬಿದ್ದುಹೋಯಿತು. ಸಾಲೆಹಾ ಕೆಲಸ ಬಿಡುತ್ತೇನೆಂದು ಹೋದರೆ, ಜಯದೇವ ಅವರ ಕೈಗೆ ಹೊಸ ಗ್ಲೌಸಿನ ಡಬ್ಬ ಕೊಟ್ಟು ಒಳಗೆ ಕಳಿಸಿದರು.

ಈ ವರ್ಷ ಸಮಿತಿಯಿಂದ ಮತ್ತೆ ಕರೆ ಬಂತು. ಈಗ ಇಂಟರ್‌ಕಾಮ್‌ನಲ್ಲಿ ಜಯದೇವ ಕೇಳುವುದು "ಬೆಂದಾವೇನ್ರಿ?" ಎಂದು. ನಾನಿದ್ದ ದಿನವೂ ಕೇಳಿದರು. ಸಾಲೆಹಾ ಓವನ್ ಹತ್ತಿರ ಹೋಗಿ ನೋಡಿ ಬಂದೇ "ಬೆಂದಿವೆ" ಎಂದರು. ಈ ಸಲ ಸಮಿತಿಯವರು ಬರೀ ನೋಡಿ ಬಿಡಲಿಲ್ಲ, ನಳಿಗೆಗಳನ್ನು ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಿದರು. ಈ ಲೇಖನ ಮುಗಿಸುವ ಹೊತ್ತಿಗೆ ಜಯದೇವರ ಫೋನ್ ಬಂದಿದೆ. ಪರೀಕ್ಷೆಯ ತಟ್ಟೆಗಳಲ್ಲಿ ಒಂದು ಸೂಕ್ಷ್ಮಜೀವಿಯೂ ಬೆಳೆದಿಲ್ಲ, ಯೋಜನೆ ಮುಂದಿನ ಸುತ್ತಿಗೆ ಹೋಗಿದೆ.

ಸುದ್ದಿ ಬಂದ ಸಂಜೆ ಸಾಲೆಹಾರ ಮನೆಗೆ ಹೋದರೆ ಬಾಗಿಲಲ್ಲೇ ಅತ್ತರಿನ ಘಮ. ನಳಿಗೆಯ ಮೇಲೆ ಅಮ್ಮನ ಹೆಸರು ಕೆತ್ತಿಸಬೇಕು ಎಂದು ಮಗಳು ಹಾನಿಯಾ ಇಂಗ್ಲಿಷಿನಲ್ಲಿ ಹಟ ಹಿಡಿದಿದ್ದಾಳೆ. ಸಾಲೆಹಾ ತಲೆಯಾಡಿಸಿ ನನಗೆ ಚಹಾ ಕೊಡುತ್ತಾರೆ.

"ಮಣ್ಣು ಬರೋ ಹೊತ್ಗೆ ನಾನಿರ್ತೀನೋ ಇಲ್ವೋ. ಅದ್ರಲ್ಲಿ ಜೀವ ಸಿಕ್ಕಿದ್ರೆ ಸಿಗ್ಲಿ, ಇಲ್ಲಾಂದ್ರೆ ಬಿಡ್ಲಿ. ಸಿಕ್ಕಿದ್ದು ಮಾತ್ರ ಸಾಲೆಹಾದು ಆಗಿರ್ಬಾರ್ದು, ಅಷ್ಟೇ."