ಮಾಡದ ತಪ್ಪನ್ನು ಒಪ್ಪಿಕೊಂಡ ಜಯಶೀಲಣ್ಣ

ಮುಂಬೈ ಪಕ್ಕದ ಠಾಣೆ ನಗರದ ಕಾರ್ಖಾನೆ ಪ್ರದೇಶ ವಾಗ್ಳೆ ಎಸ್ಟೇಟಿನಲ್ಲಿ ಬೆಳಕು ಹರಿಯುವ ಮೊದಲೇ ಮೊದಲ ಪಾಳಿಯವರು ರಸ್ತೆಗೆ ಬಂದಿರುತ್ತಾರೆ. ಅವರಿಗೆ ಇಡ್ಲಿ ಬೇಕು, ಚಹಾ ಬೇಕು, ಅದೂ ಈಗಿಂದೀಗಲೇ ಬೇಕು. ಆದರೆ ಮೂಲೆಯ ಪುಟ್ಟ ಹೋಟೆಲಿನಲ್ಲಿ ಒಲೆ ಇನ್ನೂ ಹೊತ್ತಿಲ್ಲ. ಒಳಗೆ ಜಯಶೀಲಣ್ಣ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ಒಂದು ಕೈಯಲ್ಲಿ ಸಾಬೂನು ನೀರಿನ ಮಗ್, ಇನ್ನೊಂದರಲ್ಲಿ ಹಳೆಯ ಬ್ರಶ್. ಸಿಲಿಂಡರಿನಿಂದ ಒಲೆಯವರೆಗಿನ ಟ್ಯೂಬಿಗೆ ಉದ್ದಕ್ಕೂ ನೊರೆ ಹಚ್ಚುತ್ತಾರೆ. ಎಲ್ಲಾದರೂ ಗುಳ್ಳೆ ಎದ್ದರೆ ಗ್ಯಾಸ್ ಸೋರುತ್ತಿದೆ ಎಂದು ಅರ್ಥ.

"ಕಾಕಾ, ಲವ್ಕರ್!" ಎಂದು ಹೊರಗಿನಿಂದ ಯಾರೋ ಮರಾಠಿಯಲ್ಲಿ ಕೂಗಿ ಅವಸರಪಡಿಸುತ್ತಾರೆ.

"ಆಯ್ತು ಮಾರಾಯ, ಸುಟ್ಟ ಇಡ್ಲಿ ಬೇಕಾ ನಿಂಗೆ?" ಎಂದು ಇವರು ತಮ್ಮ ಕನ್ನಡದಲ್ಲೇ ಗದರುತ್ತಾರೆ. ಕೂಗಿದವನಿಗೆ ಅರ್ಥವಾಗುವುದಿಲ್ಲ, ಆದರೂ ನಗುತ್ತಾನೆ. ಗುಳ್ಳೆ ಏಳಲಿಲ್ಲ. ಜಯಶೀಲಣ್ಣ ಮಂಡಿ ಹಿಡಿದುಕೊಂಡು ಎದ್ದು ಒಲೆ ಹಚ್ಚುತ್ತಾರೆ. ಬೆಳಗಿನ ಹೊತ್ತು ನಾನೂರರಷ್ಟು ಇಡ್ಲಿ ಹೋಗುತ್ತದೆ. ಅಡುಗೆಯವರು ಮೂವರು, ಬಡಿಸುವವರು ಇಬ್ಬರು, ಎಲ್ಲರ ಮೇಲ್ವಿಚಾರಣೆ ಇವರದು. ವಯಸ್ಸು ಅರವತ್ತರ ಹತ್ತಿರ. ಉಡುಪಿಯ ಕಡೆಯಿಂದ ಠಾಣೆಗೆ ಬಂದಾಗ ಮೀಸೆ ಮೂಡಿರಲಿಲ್ಲವಂತೆ. ಈಗ ಅದು ಪೂರ್ತಿ ಬಿಳಿ.

ತಿಂಡಿಯ ಗಡಿಬಿಡಿ ಇಳಿದ ಮೇಲೆ ಅವರು ಮುಖ ತೊಳೆದು, ಇಸ್ತ್ರಿ ಅಂಗಿ ತೊಟ್ಟು, ಶೇರ್ ರಿಕ್ಷಾ ಹತ್ತುತ್ತಾರೆ. ಅಲ್ಲಿಂದ ಶುರುವಾಗುವುದು ಅವರ ಇನ್ನೊಂದು ಕೆಲಸ. ಅದನ್ನು ಅವರಿಗೆ ಯಾರೂ ಕೊಟ್ಟಿಲ್ಲ, ಅದಕ್ಕೆ ಸಂಬಳವಿಲ್ಲ, ಅಂಥದ್ದೊಂದು ಕೆಲಸವಿದೆ ಎಂಬುದೂ ಹೆಚ್ಚಿನವರಿಗೆ ತಿಳಿಯದು. ಠಾಣೆಯ ಕೋರ್ಟಿನ ಅಂಗಳದಲ್ಲಿ ನಿಂತು, ತಪ್ಪು ಒಪ್ಪಿಕೊಳ್ಳಲು ಬಂದ ಹೋಟೆಲಿನವರನ್ನು ಹುಡುಕಿ, ಅವರನ್ನು ತಡೆಯುವುದು.

ತಡೆಯುವುದು ಏಕೆ ಎಂದು ತಿಳಿಯಬೇಕಾದರೆ ಇಲ್ಲಿನ ಹೋಟೆಲ್ ಲೋಕದ ಒಂದು ಪದ್ಧತಿಯನ್ನು ಹೇಳಬೇಕು. ಫುಟ್‌ಪಾತಿನ ಮೇಲೆ ಒಲೆ ಇಟ್ಟಿದ್ದು, ಬಾಗಿಲು ತಡವಾಗಿ ಮುಚ್ಚಿದ್ದು, ಬೋರ್ಡು ರಸ್ತೆಗೆ ಚಾಚಿದ್ದು, ಹೀಗೆ ಸಣ್ಣಪುಟ್ಟ ಕೇಸುಗಳು ಹೋಟೆಲಿಗೆ ಬರುತ್ತಲೇ ಇರುತ್ತವೆ. ಧಣಿ ಕೋರ್ಟಿಗೆ ಹೋಗುವುದುಂಟೇ! ಮ್ಯಾನೇಜರನ ಹೆಸರು ಬರೆಸಿ ಅವನನ್ನೇ ಕಳಿಸುತ್ತಾರೆ. "ಗುನ್ಹಾ ಕಬೂಲ್ ಆಹೇ ಕಾ?" ಎಂದು ಮರಾಠಿಯಲ್ಲಿ ಪ್ರಶ್ನೆ ಬರುತ್ತದೆ, ತಪ್ಪು ಒಪ್ಪಿಕೊಳ್ಳುತ್ತೀಯಾ ಎಂದು. "ಕಬೂಲ್" ಎಂದರೆ ಮುಗಿಯಿತು. ದಂಡ ಕಟ್ಟಿ, ಮಧ್ಯಾಹ್ನದ ಊಟದ ಗಿರಾಕಿ ಬರುವುದರೊಳಗೆ ಗಲ್ಲಾಪೆಟ್ಟಿಗೆಯ ಮುಂದೆ ವಾಪಸ್.

ಜಯಶೀಲಣ್ಣ ಈ ಕೆಲಸದಲ್ಲಿ ಪಳಗಿದವರಾಗಿದ್ದರು. ಆಗ ಅವರು ಬೇರೆಯೊಂದು ದೊಡ್ಡ ಹೋಟೆಲಿನಲ್ಲಿ ಮ್ಯಾನೇಜರ್. ಪಕ್ಕದ ಹೋಟೆಲಿನವರೂ ಇವರನ್ನೇ ಕೇಳಿಕೊಳ್ಳುತ್ತಿದ್ದರಂತೆ. "ಕೋರ್ಟ್ ಅಣ್ಣ" ಎಂಬ ಅಡ್ಡಹೆಸರೂ ಬಿದ್ದಿತ್ತು. "ನಂಗೆ ಅದೊಂದು ಹೆಮ್ಮೆ ಮಾರಾಯ್ರೆ," ಎನ್ನುತ್ತಾರೆ, ಮುಖ ಬೇರೆ ಕಡೆ ತಿರುಗಿಸಿ. "ಬೇರೆಯವರು ಕೋರ್ಟ್ ಅಂದ್ರೆ ಬೆವರ್ತಿದ್ರು. ನಾನು ಮಾತ್ರ ಮದುವೆ ಮನೆಗೆ ಹೋದ ಹಾಗೆ ಹೋಗಿ ಬರ್ತಿದ್ದೆ."

ಆ ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದವರು ಪ್ರೇಮನಾಥ. ಇಬ್ಬರೂ ಒಂದೇ ಊರಿನವರು, ಒಂದೇ ಖೋಲಿಯಲ್ಲಿ ವರ್ಷಗಟ್ಟಲೆ ಮಲಗಿದವರು, ತುಳುವಿನಲ್ಲಿ ಜಗಳವಾಡಿ ತುಳುವಿನಲ್ಲೇ ರಾಜಿಯಾದವರು. ಒಂದು ಬೆಳಿಗ್ಗೆ ದೋಸೆ ಕಾವಲಿಯ ಕೆಳಗಿನ ಒಲೆ ಹಚ್ಚಿದಾಗ ಟ್ಯೂಬಿನಿಂದ ಸೋರಿದ್ದ ಗ್ಯಾಸ್ ಭಗ್ಗನೆ ಹೊತ್ತಿಕೊಂಡಿತು. ಪ್ರೇಮನಾಥರ ಎರಡೂ ಕೈ ಮೊಣಕೈವರೆಗೆ ಸುಟ್ಟುಹೋದವು. ಆ ಹೊತ್ತಿಗೆ ಜಯಶೀಲಣ್ಣ ಎಲ್ಲಿದ್ದರು? ಕಲ್ಯಾಣ ಪಟ್ಟಣದ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದರು.

ಆದರೂ ಪೊಲೀಸರಿಗೆ ಕೊಟ್ಟ ಹೆಸರು ಅವರದೇ. ಅಡುಗೆಮನೆಯ ಉಸ್ತುವಾರಿ ಇವರದು, ಟ್ಯೂಬ್ ನೋಡಿಕೊಳ್ಳದೆ ಅಜಾಗರೂಕತೆಯಿಂದ ಗಂಭೀರ ಗಾಯಕ್ಕೆ ಕಾರಣರಾದರು ಎಂದು ಕೇಸು. ಎರಡು ವರ್ಷ ಕಳೆದು ತಾರೀಖು ಬಂದಾಗ ಧಣಿ ಹೆಗಲ ಮೇಲೆ ಕೈಯಿಟ್ಟು, "ನೀನೇ ಹೋಗಿ ಬಾ. ನಿಂಗೆ ರೂಢಿ ಉಂಟಲ್ಲ" ಎಂದರಂತೆ. ಇವರು ಹೋದರು. ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ನ್ಯಾಯಾಧೀಶರು ಕೇಳಿದರು. "ಇಲ್ಲ ಸಾಹೇಬ್" ಎಂದರು. ಕಬೂಲಾ? ಕಬೂಲ್. ದಂಡ, ಜೊತೆಗೆ ಆ ದಿನ ಕೋರ್ಟು ಏಳುವವರೆಗೆ ಅಲ್ಲೇ ಕೂತಿರುವ ಶಿಕ್ಷೆ. ಸಂಜೆ ನ್ಯಾಯಾಧೀಶರು ಎದ್ದರೆ ಆರೋಪಿಯೂ ಎದ್ದು ಮನೆಗೆ ಹೋಗಬಹುದು. ಇಷ್ಟೇ.

ಅವರು ಗಮನಿಸದೇ ಇದ್ದ ಒಂದು ಸಂಗತಿಯೆಂದರೆ ಆ ದಿನ ಪ್ರೇಮನಾಥರೂ ಕೋರ್ಟಿಗೆ ಬಂದಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತು, ಒಂದಲ್ಲ ಒಂದು ದಿನ ತನ್ನನ್ನು ಸಾಕ್ಷಿಕಟ್ಟೆಗೆ ಕರೆಯುತ್ತಾರೆ ಎಂದು ಹೇಳಬೇಕಾದುದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದರು. ಒಪ್ಪಿಕೊಂಡ ಕೇಸಿಗೆ ಸಾಕ್ಷಿ ಯಾಕೆ? ಅವರನ್ನು ಯಾರೂ ಕರೆಯಲಿಲ್ಲ, ಮುಂದೆ ಕರೆಯುವುದೂ ಇಲ್ಲ. ಹೊರಗೆ ಹೋಗುವಾಗ ಅವರು ಜಯಶೀಲಣ್ಣನ ಎದುರು ಒಂದು ಗಳಿಗೆ ನಿಂತರು. "ನಂಗೆ ಹೇಳ್ಲಿಕ್ಕಿತ್ತು, ಜಯಶೀಲ," ಎಂದರು. ಅಷ್ಟೇ. ಆಮೇಲೆ ಇವತ್ತಿನವರೆಗೆ ಇಬ್ಬರ ನಡುವೆ ಮಾತಿಲ್ಲ.

"ಸಂಜೆವರೆಗೆ ಅಲ್ಲಿ ಕೂತಿದ್ದೆನಲ್ಲ, ಆಗ ತಲೆಗೆ ಹೋಯ್ತು," ಎನ್ನುತ್ತಾರೆ ಜಯಶೀಲಣ್ಣ. "ನಾನು ಹೌದು ಅಂದದ್ದಕ್ಕೆ ಆ ಟ್ಯೂಬ್ ಯಾಕೆ ಹಾಗಿತ್ತು ಅಂತ ಒಬ್ಬನೂ ಕೇಳ್ಲಿಲ್ಲ. ಧಣಿಯನ್ನು ಉಳಿಸಿದೆ ಅಂದ್ಕೊಂಡಿದ್ದೆ. ಉಳಿಸಿದ್ದು ಹೌದು. ಪ್ರೇಮನ ಬಾಯಿ ಮುಚ್ಚಿಸಿದ್ದೂ ನಾನೇ." ಮರುವಾರವೇ ಆ ಹೋಟೆಲ್ ಬಿಟ್ಟರು.

ಇದನ್ನು ಕೇಳಿ ನನಗೆ ಬಂದದ್ದು ಸಿಟ್ಟು, ಸುಳ್ಳೇಕೆ ಹೇಳಲಿ. ಇವರ ಮೇಲೂ ಬಂತು, ಧಣಿಯ ಮೇಲಂತೂ ಕೇಳಬೇಡಿ. ಅಪರಾಧವೇನು ಊಟದ ಡಬ್ಬಿಯೇ, ಒಬ್ಬರದ್ದನ್ನು ಇನ್ನೊಬ್ಬರು ಹೊತ್ತು ತಲುಪಿಸಲು? ಅದೇ ಕೋರ್ಟಿನಲ್ಲಿ ಉಚಿತ ಕಾನೂನು ನೆರವು ಕೊಡುವ ಅಪೇಕ್ಷಾ ಎಂಬ ವಕೀಲೆಯನ್ನು ಕೇಳಿದೆ. ಬೆಂಗಳೂರಿನ ತಂದೆತಾಯಿಗೆ ಇಲ್ಲೇ ಹತ್ತಿರದ ಐರೋಲಿಯಲ್ಲಿ ಹುಟ್ಟಿ ಬೆಳೆದ ಹುಡುಗಿ, ಮಾತಿನಲ್ಲಿ ನಾಲ್ಕು ಭಾಷೆ ಒಟ್ಟಿಗೆ ಓಡುತ್ತವೆ.

"ಕ್ರಿಮಿನಲ್ ಲಾನಲ್ಲಿ ಮೊದಲ ಪಾಠಾನೇ ಇದು," ಎಂದರು ಆಕೆ. "ಕೆಟ್ಟದ್ದೊಂದು ಆಯ್ತು ಅಂದ್ರೆ ಸಾಲಲ್ಲ. ಮಾಡಿದ್ದು ಯಾರು? ಬೇಕಂತ ಮಾಡಿದ್ರಾ, ಅಪಾಯ ಗೊತ್ತಿದ್ದೂ ಅಸಡ್ಡೆ ಮಾಡಿದ್ರಾ, ಇಲ್ಲಾ ಆಕ್ಸಿಡೆಂಟಾ? ನೋಡ್ಕೋಬೇಕಾದ ಜವಾಬ್ದಾರಿ ಯಾರದ್ದಿತ್ತು? ಇದನ್ನೆಲ್ಲ ಸರ್ಕಾರಿ ಪಕ್ಷದವ್ರು ಸಾಬೀತು ಮಾಡ್ಬೇಕು. ಆರೋಪಿನೇ ಹೌದು ಅಂದ್ಬಿಟ್ರೆ ಬಸ್, ಖತಂ. ಒಂದು ಪ್ರಶ್ನೆನೂ ಉಳಿಯಲ್ಲ." ಪ್ರೇಮನಾಥರ ಕೇಸನ್ನು ಈಗ ಮತ್ತೆ ತೆರೆಯಬಹುದೇ ಎಂದರೆ ತಲೆ ಅಲ್ಲಾಡಿಸಿದರು. ಆ ಧಣಿಯ ಮೇಲೆ ಹೊಸದಾಗಿ ಕೇಸು ಹಾಕುವ ಕಾಲಮಿತಿ ಎಂದೋ ಮುಗಿದಿದೆಯಂತೆ. "ಜಯಶೀಲ ಅಂಕಲ್ ಕೂಡ ಬಂದು ಕೇಳಿದ್ರು. ಒಂದ್ಸಲ ಅಲ್ಲ."

ಜಯಶೀಲಣ್ಣನಿಗೆ ಕಾನೂನಿನ ಕಲಮು, ಉಪಕಲಮು ಯಾವುದೂ ಬಾರದು. ಅಂಗಳದಲ್ಲಿ ಹೋಟೆಲಿನವರನ್ನು ಮುಖ ನೋಡಿಯೇ ಗುರುತಿಸಿ ಪಕ್ಕಕ್ಕೆ ಕರೆಯುತ್ತಾರೆ. ಮಾಡಿದ್ದು ನೀನೇಯಾ, ಯಾಕೆ ಮಾಡಿದೆ ಎಂದು ಕೇಳುತ್ತಾರೆ. ಆಮೇಲೆ ಕೈ ಹಿಡಿದು ಅಪೇಕ್ಷಾರ ಮೇಜಿನವರೆಗೆ ಕರೆದೊಯ್ಯುತ್ತಾರೆ. ಹತ್ತು ಮಂದಿಯಲ್ಲಿ ಆರೇಳು ಮಂದಿ ಕೈ ಕೊಸರಿಕೊಂಡು ಹೋಗುತ್ತಾರೆ. "ನಿಮಗೆ ಬೇರೆ ಕೆಲಸ ಇಲ್ವಾ?" ಎಂದು ಬೈದವರಿದ್ದಾರೆ. ಇವರ ಈಗಿನ ಹೋಟೆಲಿನವರಿಗೆ ಫೋನು ಮಾಡಿ ದೂರು ಹೇಳಿದ ಧಣಿಗಳೂ ಇದ್ದಾರೆ.

ನಾನು ಹೋದ ದಿನ ಸಿಕ್ಕವರು ಮಧ್ವೇಶ. ವಿಜಯಪುರದ ಕಡೆಯವರು, ಠಾಣೆಯದೇ ನೌಪಾಡಾದ ಹೋಟೆಲೊಂದರಲ್ಲಿ ಮ್ಯಾನೇಜರ್. ಕುಡಿದು ಬಂದ ಗಿರಾಕಿಯೊಬ್ಬ ಸೋಡಾ ಬಾಟಲಿ ಒಡೆದು ಕ್ಯಾಶಿಯರನ ಕುತ್ತಿಗೆಗೆ ಹಿಡಿದಿದ್ದ. ಮಧ್ವೇಶ ಅವನನ್ನು ತಳ್ಳಿದರು. ಅವನು ಮೆಟ್ಟಿಲ ಮೇಲೆ ಬಿದ್ದು ಕೈ ಮುರಿದುಕೊಂಡ. ಈಗ ಮಧ್ವೇಶರೇ ಆರೋಪಿ.

"ಮಾಲಕರು ಒಪ್ಕೊಂಡ್ ಬಾ ಅಂದಾರ್ರೀ," ಎಂದರು ಮಧ್ವೇಶ. "ತಳ್ಳಿದ್ದಂತೂ ಖರೇನ ಐತಲ್ರೀ? ನಾನಽ ತಳ್ಳೀನಿ."

"ತಳ್ಳದಿದ್ರೆ ಎಂತ ಆಗ್ತಿತ್ತು?" ಎಂದು ಜಯಶೀಲಣ್ಣ ಕೇಳಿದರು.

ಮಧ್ವೇಶ ತಮ್ಮ ಕುತ್ತಿಗೆಯ ಮೇಲೆ ಬೆರಳೆಳೆದು ತೋರಿಸಿದರು. "ಅಂವಾ ಹುಡುಗನ ಕುತ್ತಿಗಿ ಕೊಯ್ತಿದ್ದ ರೀ."

"ಹಾಗಾದ್ರೆ ಅದನ್ನು ಒಳಗೆ ಹೇಳು ಮಾರಾಯ! ಬರೀ ಹೌದು ಅಂತ ಹೇಳಿ ಬಂದ್ರೆ ಆ ಬಾಟ್ಲಿ ವಿಷಯ ಯಾರಿಗೆ ಗೊತ್ತಾಗ್ತದೆ?"

ಅಪೇಕ್ಷಾ ವಿವರಿಸಿ ಹೇಳಿದರು: ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಲು ಬೇಕಾದಷ್ಟೇ ಬಲ ಬಳಸಿದರೆ ಕಾನೂನು ಅದನ್ನು ಅಪರಾಧ ಎನ್ನುವುದಿಲ್ಲ. ಇದು ಫುಟ್‌ಪಾತಿನ ಒಲೆಯಂತಹ ಸಣ್ಣ ಕೇಸಲ್ಲ, ಒಪ್ಪಿಕೊಂಡರೆ ಜೈಲೂ ಆಗಬಹುದು. ಮಧ್ವೇಶ ಬೆವರು ಒರೆಸಿಕೊಳ್ಳುತ್ತಾ ಒಳಗೆ ಹೋದರು. ಹೆಸರು ಕೂಗಿದರು, ಪ್ರಶ್ನೆ ಬಂತು. ಬಾಗಿಲ ಬಳಿ ನಿಂತಿದ್ದ ನಮಗೆ ಉತ್ತರ ಕೇಳಿಸಿತು. "ಕಬೂಲ್ ನಾಹೀ, ಸಾಹೇಬ್." ಕೇಸು ನಡೆಯುತ್ತದೆ, ಗೆಲ್ಲುತ್ತಾರೋ ಇಲ್ಲವೋ ಗೊತ್ತಿಲ್ಲ. ಕೆಲಸ ಉಳಿಯುವುದೂ ಅನುಮಾನವೇ. ಜಯಶೀಲಣ್ಣ ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಗೋಡೆಗೆ ಒರಗಿ ನಿಂತು, "ಅವತ್ತು ಇಷ್ಟೇ ಹೇಳ್ಬೇಕಿತ್ತು ನಾನು," ಎಂದರು. ಆಮೇಲೆ ಚಹಾದಂಗಡಿಯತ್ತ ನಡೆದರು.

ಪ್ರೇಮನಾಥರನ್ನು ನೋಡದೆ ಈ ಬರಹ ಮುಗಿಸುವುದು ಸರಿಯಲ್ಲ ಎನಿಸಿತು. ಅವರು ಕಲ್ಯಾಣದಲ್ಲಿ ಒಂದು ವಸತಿ ಸೊಸೈಟಿಯ ಗೇಟಿನಲ್ಲಿ ಕಾವಲಿಗೆ ಕೂರುತ್ತಾರೆ. ಬೆರಳುಗಳು ಪೂರ್ತಿ ಮಡಚುವುದಿಲ್ಲ, ಹಾಗಾಗಿ ದೋಸೆಯ ಸೌಟು ಹಿಡಿಯಲಾಗದು. ನಾನು ಯಾರ ಬಗ್ಗೆ ಬರೆಯುತ್ತಿದ್ದೇನೆಂದು ತಿಳಿದ ಮೇಲೂ ಕುರ್ಚಿ ಕೊಟ್ಟರು. ಕೋರ್ಟಿನಲ್ಲಿ ಏನು ಹೇಳಬೇಕೆಂದಿದ್ದಿರಿ ಎಂದು ಕೇಳಿದೆ.

"ಟ್ಯೂಬ್ ಬಿರುಕು ಬಿಟ್ಟಿತ್ತು. ಧಣಿಗೆ ಎಷ್ಟೋ ಸಲ ಹೇಳಿದ್ದೆ. ದೀಪಾವಳಿ ಕಳೀಲಿ ಅಂದ್ರು," ಎಂದರು. ಆಮೇಲೆ ತಮ್ಮ ಕೈಗಳನ್ನು ಮುಂದೆ ಚಾಚಿದರು. "ಗೊತ್ತಿದ್ದೂ ಒಲೆ ಹಚ್ಚಿದ್ದು ನಾನು. ಗಿರಾಕಿ ಕಾಯ್ತಿದ್ರು ಅಂತ. ನನ್ನ ಪಾಲಿನದ್ದೂ ಉಂಟಲ್ಲ. ಅದನ್ನೂ ಹೇಳ್ಬೇಕು ಅಂತಿದ್ದೆ. ಜಡ್ಜ್ ತೂಗಿ ನೋಡ್ಲಿ, ಧಣಿದು ಎಷ್ಟು, ನಂದು ಎಷ್ಟು ಅಂತ. ಜಯಶೀಲಂದು ಏನೂ ಇರ್ಲಿಲ್ಲ. ಅವನೇ ಎಲ್ಲವನ್ನೂ ಹೊತ್ಕೊಂಡು ಹೋದ. ಈಗ ಊರಲ್ಲಿ ನನ್ನ ಕೈ ಸುಟ್ಟದ್ದು ಅವನು ಅಂತಾರೆ. ನಾನು ಅಲ್ಲ ಅಂದ್ರೆ, ಕೋರ್ಟೇ ಹೇಳಿದೆಯಲ್ಲ ಅಂತಾರೆ."

ಜಯಶೀಲಣ್ಣನಿಗೆ ಏನಾದರೂ ಹೇಳಬೇಕೇ ಎಂದೆ. "ನೀವು ಹೇಳುವುದು ಬೇಡ. ಅವನು ಬರ್ಲಿ. ಬಂದು ಕೂತು ಕೇಳ್ಲಿ."

ಈ ಕರೆಯನ್ನು ನಾನು ಮರುದಿನ ವಾಗ್ಳೆ ಎಸ್ಟೇಟಿಗೆ ತಲುಪಿಸಿದೆ. ಹೋಗುತ್ತೀರಾ ಎಂದು ಕೇಳಿದಾಗ ಜಯಶೀಲಣ್ಣ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. ಎಷ್ಟೋ ಸಲ ಕಲ್ಯಾಣ ಸ್ಟೇಷನ್ನಿನವರೆಗೆ ಹೋಗಿ ವಾಪಸ್ ಬಂದಿದ್ದಾರಂತೆ. ಮುಖ ತೋರಿಸಲು ನಾಚಿಕೆ ಇರಬೇಕು ಎಂದುಕೊಂಡೆ. ಅವರು ಹೇಳಿದ್ದು ಬೇರೆ.

"ನಾಚಿಕೆ ಎಂತದ್ದು, ಅದು ಯಾವಾಗ್ಲೋ ಹೋಯ್ತು. ನಂಗೆ ಹೆದರಿಕೆ ಮಾರಾಯ್ರೆ. ಅವನ ಮುಖ ಕಂಡ ಕೂಡ್ಲೇ ನಾನು ಕಾಲಿಗೆ ಬಿದ್ದು, ನಂದೇ ತಪ್ಪು ಅಂತ ಅತ್ತುಬಿಡ್ತೇನೆ. ಅವನು ಒಳ್ಳೆಯವನು, ಇರ್ಲಿ ಬಿಡು ಅಂತ ನನ್ನನ್ನೇ ಸಮಾಧಾನ ಮಾಡ್ತಾನೆ. ಅಲ್ಲಿಗೆ ಅವನು ಹೇಳ್ಬೇಕಾದದ್ದು ಮತ್ತೆ ಹೊಟ್ಟೆಯಲ್ಲೇ ಉಳೀತದೆ. ಒಂದೇ ಒಂದು ದಿನ ಬಾಯಿ ಮುಚ್ಚಿ ಅವನೆದುರು ಕೂತ್ಕೊಳ್ಳೋದನ್ನು ಕಲೀಬೇಕು ನಾನು. ಅದು ಬಂದ ದಿನ ಹೋಗ್ತೇನೆ."