ಅಕ್ಕನ ಸ್ಟೀರಿಂಗು, ನನ್ನ ಎಂಜಿನ್ನು

ಶನಿವಾರ ಬೆಳಿಗ್ಗೆ ಸ್ಯಾನ್ ಮಟಿಯೋದ ನಮ್ಮ ಅಡುಗೆಮನೆಗೆ ಸುಟ್ಟ ಎಣ್ಣೆಯ ವಾಸನೆ ಬಂದರೆ ನಾನು ಒಲೆಯ ಕಡೆ ನೋಡುವುದಿಲ್ಲ, ಕಿಟಕಿಯ ಕಡೆ ನೋಡುತ್ತೇನೆ. ಅಕ್ಕ ಬಂದಳು ಎಂದು ಅರ್ಥ. ನಮ್ಮ ಬೀದಿಯಲ್ಲಿ ಈಗ ಅರ್ಧಕ್ಕರ್ಧ ಬ್ಯಾಟರಿ ಕಾರುಗಳು. ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ಅಕ್ಕನ ಕಾರು ಹಾಗಲ್ಲ. ಮೊದಲು ವಾಸನೆ, ಆಮೇಲೆ ಸದ್ದು, ಕೊನೆಗೆ ನೀಲಿ ಹೊಗೆಯನ್ನು ಹಿಂದೆ ಕಟ್ಟಿಕೊಂಡು ಕಾರು. ಹೊಗೆ ಪರೀಕ್ಷೆಯವರು ಸುಮ್ಮನಿರುತ್ತಾರೆಯೇ ಎಂದು ನೀವು ಕೇಳಬಹುದು. ಅಷ್ಟು ಹಳೆಯ ಕಾರಿಗೆ ಈ ರಾಜ್ಯದಲ್ಲಿ ಆ ಪರೀಕ್ಷೆಯೇ ಇಲ್ಲ. ಅದು ನನಗಿಂತ ಒಂದೇ ವರ್ಷ ಚಿಕ್ಕದು.

ಮೊನ್ನೆಯೂ ಆ ವಾಸನೆ ಬಂತು. ದೋಸೆಯ ಹಿಟ್ಟು ಬಿಟ್ಟು ಹೊರಗೆ ಓಡುವಾಗ, ಗ್ಯಾರೇಜಿನ ಮೂಲೆಯಲ್ಲಿ ಹಳೆಯ ಮೇಲುಹಾಸು ಹೊದ್ದು ಕೂತಿರುವ ಎಂಜಿನ್ನನ್ನು ದಾರಿಯಲ್ಲಿ ಒಮ್ಮೆ ತಟ್ಟಿದೆ. ಅಕ್ಕನ ಕಾರಿಗೆಂದು ತಂದ ಎಂಜಿನ್ನು ಅದು. ಮೂರು ವರ್ಷದಿಂದ ಅಲ್ಲೇ ಇದೆ. ಯಾಕೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಿಮಗೆ ಅವಸರವಿಲ್ಲ ತಾನೆ?

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಮಂಡ್ಯದಲ್ಲಿ ಓದಿ, ಇಲ್ಲಿಗೆ ಬಂದು, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಇಡೀ ಆಯುಷ್ಯ ಊರವರ ರಕ್ತ ಪರೀಕ್ಷೆ ಮಾಡಿದವಳು. ಮದುವೆ ಬೇಡ ಎಂದಳು, ಅಪ್ಪ ಎರಡು ವರ್ಷ ಮಾತು ಬಿಟ್ಟರು, ಆಮೇಲೆ ಅವರೇ ಸೋತು ಕಾಗದ ಬರೆದರು. ಇಲ್ಲಿಂದ ಒಂದು ಗಂಟೆ ದೂರದ ಗಿಲ್‌ರಾಯ್‌ನಲ್ಲಿ ಮನೆ ಮಾಡಿದಳು. ಈ ಕಾರು ಅವಳ ಕೈಗೆ ಬಂದಾಗಲೇ ಸೆಕೆಂಡ್‌ಹ್ಯಾಂಡು. ನಾನು ಈ ದೇಶಕ್ಕೆ ಬಂದ ಎರಡನೇ ವಾರ, ಬೆಳ್ಳುಳ್ಳಿ ಹೊಲಗಳ ನಡುವಿನ ರಸ್ತೆಯಲ್ಲಿ ನನಗೆ ಡ್ರೈವಿಂಗ್ ಕಲಿಸಿದ್ದು ಇದರಲ್ಲೇ. ಬೇಸಿಗೆಯಲ್ಲಿ ಆ ಊರಿಗೆ ಊರೇ ಒಗ್ಗರಣೆ ಹಾಕಿದಂತೆ ಘಮಗುಡುತ್ತದೆ. ಇವತ್ತಿಗೂ ಬೆಳ್ಳುಳ್ಳಿ ಸಿಡಿದರೆ ನನ್ನ ಬಲಗಾಲು ಬ್ರೇಕು ಹುಡುಕುತ್ತದೆ.

ಅಕ್ಕನಿಗೊಂದು ಅಭ್ಯಾಸ. ತಿರುವು ಬಂದಾಗಲೆಲ್ಲ ಗಟ್ಟಿಯಾಗಿ ಹೇಳುತ್ತಾಳೆ: "ಎಡಕ್ಕೆ ಯಾರೂ ಇಲ್ಲ. ಬಲಕ್ಕೆ ಯಾರೂ ಇಲ್ಲ. ಹೂಂ, ಹೊರಡು." ಪಕ್ಕದಲ್ಲಿ ಯಾರಿರಲಿ, ಯಾರೂ ಇಲ್ಲದಿರಲಿ, ಹೇಳಲೇಬೇಕು. ನನಗೂ ಹೇಳಿಸಿದಳು. ಆ ಕಾರಿನ ಸ್ಟೀರಿಂಗಿಗೆ ಯಾವ ಯಂತ್ರದ ನೆರವೂ ಇರಲಿಲ್ಲ, ತೋಳಿನ ಬಲವೊಂದೇ. ನಿಂತ ಕಾರಿನಲ್ಲಿ ಅದನ್ನು ತಿರುಗಿಸುವುದೆಂದರೆ ಮದುವೆಮನೆಯ ರುಬ್ಬುಗುಂಡು ತಿರುಗಿಸಿದ ಹಾಗೆ. ನಾನು ಏದುಸಿರು ಬಿಟ್ಟರೆ ಅವಳು ನಗುತ್ತಿದ್ದಳು. "ಅಮ್ಮ ನಿನ್ನನ್ನ ಅಡುಗೆಮನೆಗೆ ಸೇರಿಸ್ಲಿಲ್ಲ ನೋಡು, ಅದಕ್ಕೇ ಈ ಗತಿ. ಇನ್ನೂ ತಿರುಗಿಸು, ಇನ್ನೂ!"

ಐದು ವರ್ಷದ ಹಿಂದೆ ಅಕ್ಕ ಹಿತ್ತಿಲ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲ ಭುಜ ಮುರಿದುಕೊಂಡಳು. ಆಪರೇಷನ್ ಆಯಿತು, ವ್ಯಾಯಾಮವಾಯಿತು, ಕೈ ಎದೆಯ ಮಟ್ಟದವರೆಗೆ ಬಂದು ಅಲ್ಲಿಗೆ ನಿಂತಿತು. ಡ್ರೈವ್ ಮಾಡಬಹುದು ಎಂದರು ಡಾಕ್ಟರು. ಹಾಗಾಗಿ ಮಾಡುತ್ತಿದ್ದಾಳೆ ಎಂದೇ ನಾನು ತಿಳಿದಿದ್ದೆ. ಪ್ರತಿ ಮಂಗಳವಾರ ಲಾಸ್ ಆಲ್ಟೋಸಿನ ಗೆಳತಿಯ ಮನೆಯಲ್ಲಿ ಅವಳಿಗೆ ಭಜನೆ. ಫೋನಿನಲ್ಲಿ ಕೇಳಿದರೆ "ಈ ವಾರ ಗಂಟಲು ಕಟ್ಟಿತ್ತು ಕಣೋ" ಎನ್ನುತ್ತಿದ್ದಳು. ಮುಂದಿನ ವಾರ ಬಿಸಿಲು ಜಾಸ್ತಿ. ಅದರ ಮುಂದಿನ ವಾರ ಟ್ರಾಫಿಕ್ಕು. ನಾನೊಬ್ಬ ಬುದ್ಧಿವಂತ, ಸುಮಾರು ಎರಡು ವರ್ಷ ಇದನ್ನೆಲ್ಲ ನಂಬಿದೆ. ವಯಸ್ಸಾಯಿತು, ಮನೆಯೇ ಹಿತವಾಗಿದೆ ಅವಳಿಗೆ ಅಂದುಕೊಂಡೆ.

ಆ ಹೊತ್ತಿಗೆ ನನಗೆ ಎಂಜಿನ್ನಿನ ಹುಚ್ಚು ಹಿಡಿದಿತ್ತು. ಅಕ್ಕನ ಕಾರು ಎಣ್ಣೆ ಸುಡುತ್ತಿದ್ದದ್ದು ನೆಪ. ಎಂಟು ಸಿಲಿಂಡರಿನ ದೊಡ್ಡ ಎಂಜಿನ್ನೊಂದರ ಗುಡುಗು ಕೇಳುವ ಆಸೆ ನನಗೆ ಎಂದಿನಿಂದಲೋ ಇತ್ತು, ಅಷ್ಟೆ. ಅಕ್ಕನನ್ನು ಕೇಳದೆ ಎಂಜಿನ್ನು ತಂದು ನನ್ನ ಗ್ಯಾರೇಜಿನಲ್ಲಿ ಇಟ್ಟೆ. ಆಫೀಸಿನಲ್ಲಿ ಮೀಟಿಂಗು ಶುರುವಾಗುವ ಮುಂಚೆ ಎಲ್ಲರಿಗೂ ಅದರ ಫೋಟೋ ತೋರಿಸಿದೆ. ಆಮೇಲೆ ಅಳತೆ ತೆಗೆಯಲೆಂದು ಗಿಲ್‌ರಾಯ್‌ಗೆ ಹೋದೆ. ಅಕ್ಕನ ಪಕ್ಕದ ಮನೆಯ ರಮೋನ್, ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು, ಬೇಲಿಯ ಬಳಿ ನಿಂತು ನೋಡುತ್ತಿದ್ದರು. ಅವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಾರೆ. ಅದು ಅವಳ ಹೆಸರೆಂದು ಅವರ ಎಣಿಕೆ.

"ಅಕ್ಕ, ಕಾರನ್ನ ಸ್ವಲ್ಪ ತಿರುಗಿಸಿ ಒಳಗೆ ತಗೊಂಡು ಬಾ" ಎಂದೆ.

ಅವಳು ಕೂತಳು. ಬಲಗೈಯನ್ನು ತೊಡೆಯ ಮೇಲಿಟ್ಟು, ಎಡ ಮೊಣಕೈಯನ್ನು ಸ್ಟೀರಿಂಗಿನೊಳಗೆ ತೂರಿಸಿ, ಇಡೀ ಮೈಯಿಂದ ಜಗ್ಗಿದಳು. ಚಕ್ರ ಗೇಣಷ್ಟು ತಿರುಗಿ ನಿಂತಿತು. ಮತ್ತೆ ಜಗ್ಗಿದಳು. ಅವಳ ಮುಖ ನೋಡಲಾಗಲಿಲ್ಲ ನನಗೆ.

"ನೀನೇ ತೆಗಿ ಮಾರಾಯ. ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಇಳಿದು ಒಳಗೆ ಹೋದಳು.

ಒಲೆಯ ಮೇಲೆ ಹಾಲಿರಲಿಲ್ಲ. ಹಿಂದೆಯೇ ಹೋಗಿ ನೋಡಿದೆ, ಒಲೆ ತಣ್ಣಗಿತ್ತು. ಅಕ್ಕ ಸಿಂಕಿನ ಕಡೆ ಮುಖ ಮಾಡಿ ನಿಂತಿದ್ದಳು. ಗಂಟಲು, ಬಿಸಿಲು, ಟ್ರಾಫಿಕ್ಕು ಎಲ್ಲ ಒಟ್ಟಿಗೆ ನನಗೆ ಅರ್ಥವಾಯಿತು. ತುಂಬ ನಾಚಿಕೆಯಾಯಿತು. ಬೇರೆ ಕಾರು ಕೊಡಿಸುತ್ತೇನೆ ಎಂದೆ. ತಿರುಗದೆಯೇ ಹೇಳಿದಳು: "ಆ ಹೊಸ ಕಾರುಗಳು ಕಂಯ್ ಕಂಯ್ ಅಂತ ಬೈತಾನೇ ಇರ್ತಾವೆ. ಈ ವಯಸ್ನಲ್ಲಿ ಕಾರ್ ಕೈಲಿ ಬೈಸಿಕೊಳ್ಳಲಾ?"

ಹೊರಗೆ ಬಂದಾಗ ರಮೋನ್ ಬೇಲಿ ದಾಟಿ ಬಂದು ಕಾರಿನ ಕೆಳಗೆ ಬಗ್ಗಿ ನೋಡುತ್ತಿದ್ದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದರ ಸಾರ ಇಷ್ಟು: ನಿನ್ನ ಎಂಜಿನ್ನು ಈಗಿರುವುದಕ್ಕಿಂತ ಭಾರ. ಆ ಭಾರ ಬೀಳುವುದು ಮುಂದಿನ ಗಾಲಿಗಳ ಮೇಲೆ. ಈಗ ಗೇಣಷ್ಟು ತಿರುಗಿಸುವ ಅಕ್ಕ ಆಗ ಅಷ್ಟನ್ನೂ ತಿರುಗಿಸಲಾರಳು. ನಿನಗೆ ಬೇಕಾದದ್ದು ಇರಲಿ, ಮೊದಲು ಅವಳಿಗೆ ಬೇಕಾದದ್ದು ಮಾಡು.

ಸರಿ, ಸ್ಟೀರಿಂಗು ಮೊದಲು. ಹಟ ನಮ್ಮ ಮನೆತನದ ಆಸ್ತಿ; ಅಕ್ಕನ ಪಾಲು ದೊಡ್ಡದು, ಆದರೆ ನನಗೂ ಸ್ವಲ್ಪ ಬಂದಿದೆ. ಸ್ಟೀರಿಂಗಿನಿಂದ ಕೆಳಗಿಳಿಯುವ ಕಂಬಿಗೆ ಕೂರಿಸುವ ಒಂದು ಎಲೆಕ್ಟ್ರಿಕ್ ಮೋಟಾರು ಸಿಗುತ್ತದೆ. ನೀವು ಚಕ್ರವನ್ನು ಸ್ವಲ್ಪ ತಿರುಗಿಸಲು ಹೊರಟರೆ ಉಳಿದ ಬಲ ಅದು ಹಾಕುತ್ತದೆ. ಬ್ಯಾಟರಿಯಿಂದ ನಡೆಯುವುದರಿಂದ ಯಾವ ಎಂಜಿನ್ನಾದರೂ ಅದಕ್ಕೆ ಒಂದೇ. ಅದನ್ನು ತರಿಸಿದೆ. ಜೊತೆಗೆ ಗಾಲಿಗಳನ್ನು ಎಳೆಯುವ ಸರಳುಗಳ ಸವೆದ ಕೀಲುಗಳಿಗೆ ಬದಲಾಗಿ ಹೊಸವು. ಆರು ಶನಿವಾರ ಬೆಳಿಗ್ಗೆ ಎದ್ದು ಗಿಲ್‌ರಾಯ್‌ಗೆ ಫ್ರೀವೇ ಹಿಡಿದೆ. ಕಾಂಕ್ರೀಟಿನ ಮೇಲೆ ಬೆನ್ನು ಹಾಕಿ ಮಲಗಿದೆ. ಬಿಚ್ಚುವ ಪ್ರತಿಯೊಂದು ಬೋಲ್ಟೂ ನನ್ನ ಬಾಯಿಂದ ಒಂದೊಂದು ಮಂಡ್ಯದ ಮಾತು ಹೊರಡಿಸಿತು. ಒಳಗಿನಿಂದ ಅಕ್ಕ "ದೇವರ ಮನೆಗೆ ಕೇಳಿಸುತ್ತೆ ಕಣೋ" ಎಂದು ಕೂಗುತ್ತಿದ್ದಳು.

ಕಂಬಿ ಬಿಚ್ಚುವಾಗ ಒಂದು ಎಚ್ಚರ ಬೇಕು. ಅದರ ತುದಿಯಲ್ಲಿ ಸುತ್ತಲೂ ಮೂವತ್ತಾರು ಹಲ್ಲುಗಳು, ಅವು ಕೆಳಗಿನ ಬಳೆಯೊಳಗೆ ಕೂರುತ್ತವೆ. ಯಾವ ಹಲ್ಲು ಎಲ್ಲಿತ್ತು ಎಂದು ಗುರುತು ಹಾಕಿಕೊಳ್ಳದಿದ್ದರೆ, ವಾಪಸು ಜೋಡಿಸಿದಾಗ ಕಾರು ನೆಟ್ಟಗೆ ಹೋದರೂ ಸ್ಟೀರಿಂಗು ಸೊಟ್ಟಗಿರುತ್ತದೆ. ನನ್ನ ಬಿಳಿ ಬಣ್ಣದ ಪೆನ್ನು ಒಣಗಿಹೋಗಿತ್ತು. ಅಂಗಡಿಗೆ ಹೋಗಲು ಸೋಮಾರಿತನವಾಗಿ ಅಕ್ಕನ ದೇವರ ಮನೆಯಿಂದ ಚಿಟಿಕೆ ಕುಂಕುಮ ತಂದು, ಎಣ್ಣೆಯಲ್ಲಿ ಕಲಸಿ, ಕಂಬಿಗೊಂದು ಬೊಟ್ಟು, ಬಳೆಗೊಂದು ಬೊಟ್ಟು ಇಟ್ಟೆ. ರಮೋನ್ ಭೇಷ್ ಎಂದರು. ನನಗೂ ಹೆಮ್ಮೆಯಾಯಿತು. ಎಲ್ಲವನ್ನೂ ಚಾಪೆಯ ಮೇಲೆ ಸಾಲಾಗಿ ಜೋಡಿಸಿಟ್ಟು ಮನೆಗೆ ಹೋದೆ.

ಮುಂದಿನ ಶನಿವಾರ ಆಯುಧಪೂಜೆ ಎಂಬುದು ನನಗೆ ನೆನಪಿರಲಿಲ್ಲ. ಅಕ್ಕನಿಗಿತ್ತು. ನಾನು ಹೋಗುವಷ್ಟರಲ್ಲಿ ಪೂಜೆ ಮುಗಿದಿತ್ತು. ಕೈ ಮೇಲಕ್ಕೆ ಏಳದ ಕಾರಣ ಕಾರಿನ ಮೇಲ್ಭಾಗ ಅವಳಿಗೆ ಎಟುಕಿರಲಿಲ್ಲ. ಹಾಗಾಗಿ ಭಕ್ತಿಯನ್ನೆಲ್ಲ ಚಾಪೆಯ ಮೇಲಿದ್ದವುಗಳಿಗೆ ಸುರಿದಿದ್ದಳು. ಮೊದಲು ಎಲ್ಲವನ್ನೂ ಒರೆಸಿ ಸ್ವಚ್ಛ ಮಾಡಿ, ಆಮೇಲೆ ಸರಳು, ಕೀಲು, ಸ್ಪ್ಯಾನರು, ಜ್ಯಾಕು ಎಲ್ಲಕ್ಕೂ ಕುಂಕುಮ. ಕಂಬಿಯ ಸುತ್ತ ಏಳು ಬೊಟ್ಟು, ಬಳೆಯ ಸುತ್ತ ಐದು.

"ಅಕ್ಕ, ಇಲ್ಲಿ ಒಂದೇ ಒಂದು ಬೊಟ್ಟಿತ್ತಲ್ಲ!"

"ಇತ್ತು. ನೀನೇ ಪೂಜೆ ಶುರು ಮಾಡಿ ಅರ್ಧಕ್ಕೆ ಬಿಟ್ಟಿದೀಯ ಅಂದ್ಕೊಂಡೆ. ಪೂರ್ತಿ ಮಾಡ್ದೆ."

ಸ್ಪ್ಯಾನರು ಎತ್ತಿಕೊಳ್ಳಲು ಕೈ ಚಾಚಿದೆ. "ಮುಟ್ಟಬೇಡ. ಇವತ್ತು ಅವಕ್ಕೂ ರಜ" ಎಂದಳು. ರಮೋನ್ ಉಪಾಯ ಮಾಡಿ ತಮ್ಮ ಸ್ಪ್ಯಾನರು ತಂದರೆ ಅದನ್ನೂ ಇಸಿದುಕೊಂಡು ಬೊಟ್ಟಿಟ್ಟು ಸಾಲಿಗೆ ಸೇರಿಸಿದಳು. ನಾವಿಬ್ಬರೂ ಪುಳಿಯೋಗರೆ ತಿಂದು ಕೂತೆವು.

ಆಮೇಲಿನ ವಾರ ಅಂದಾಜಿನ ಮೇಲೆ ಜೋಡಿಸಿದೆ. ಮೋಟಾರು ಕೆಲಸ ಮಾಡಿತು. ಆದರೆ ಕಾರು ನೆಟ್ಟಗೆ ಹೋಗುವಾಗ ಸ್ಟೀರಿಂಗಿನ ಬಲ ಭಾಗ ಮೇಲೆದ್ದು ವಾಲಿ ನಿಂತಿತ್ತು. ಅಕ್ಕ ಮನೆಯ ಮುಂದೆ ಒಂದು ಸುತ್ತು ಓಡಿಸಿ ಬಂದು, "ಚೆನ್ನಾಗಿದೆ ಬಿಡೋ. ಸ್ವಲ್ಪ ಸೊಟ್ಟ ತಾನೆ? ನಾನೇನು ನೆಟ್ಟಗಿದೀನಾ?" ಎಂದಳು. ನಾನೂ ಬಿಟ್ಟುಬಿಡುತ್ತಿದ್ದೆನೇನೋ. ಬೆನ್ನು ಅಷ್ಟು ನೋಯುತ್ತಿತ್ತು. ಆದರೆ ಇಳಿಯುವಾಗ ಅವಳು ಎಡಗೈಯಿಂದ ಬಲ ಭುಜವನ್ನು ಒತ್ತಿಕೊಂಡದ್ದು ಕಂಡಿತು. ಸ್ಟೀರಿಂಗು ವಾಲಿದ್ದರಿಂದ ಬಲಗೈ ಎದೆಗಿಂತ ಮೇಲೆ ಹೋಗಬೇಕಿತ್ತು. ಇದನ್ನು ಹೀಗೇ ಬಿಟ್ಟರೆ ಇನ್ನೆರಡು ತಿಂಗಳಿಗೆ ಮತ್ತೆ ಗಂಟಲು ಕಟ್ಟುತ್ತದೆ, ಮತ್ತೆ ಬಿಸಿಲು ಜಾಸ್ತಿಯಾಗುತ್ತದೆ ಎಂದು ನನಗೆ ಖಂಡಿತವಾಗಿ ಗೊತ್ತಾಯಿತು.

"ಬಿಡಲ್ಲ" ಎಂದೆ. ಎಷ್ಟು ಜೋರಾಗಿ ಎಂದೆನೆಂದರೆ ರಮೋನ್‌ಗೂ ಅರ್ಥವಾಯಿತು. ಅವರು ಕಾರನ್ನು ಜ್ಯಾಕಿನಲ್ಲಿ ಎತ್ತಿದರು.

ಮತ್ತೆ ಬಿಚ್ಚಿದೆ. ಎರಡು ಹಲ್ಲು ಆಚೆಗೆ ಕೂರಿಸಿದೆ. ನೋಡಿದರೆ ತಿರುಗಿಸಿದ್ದು ತಪ್ಪು ದಿಕ್ಕಿಗೆ. ಮೊದಲಿಗಿಂತ ದುಪ್ಪಟ್ಟು ವಾಲಿತು. ಅಕ್ಕ ಬಾಗಿಲಲ್ಲಿ ನಿಂತು ನಗು ತಡೆದುಕೊಂಡಳು. ಮೂರನೇ ಸಲ ಬಿಚ್ಚಿದೆ. ಕಾಣದ ಜಾಗದ ಆ ಬೋಲ್ಟನ್ನು ಬೆರಳ ತುದಿಯಿಂದ ತಡವಿ, ಒಂದೊಂದೇ ಹಲ್ಲು ಎಣಿಸಿ, ನಾಲ್ಕು ಹಲ್ಲು ಈಚೆಗೆ ತಂದು ಬಿಗಿದೆ. ಈ ಸಲ ರಮೋನ್ ಓಡಿಸಿ ನೋಡಿದರು, ನಾನು ಓಡಿಸಿ ನೋಡಿದೆ. ನೆಟ್ಟಗೆ ನಿಂತಿತು.

ಅಕ್ಕ ಕೂತಳು. ನಿಂತ ಕಾರಿನಲ್ಲೇ ಬಲ ಅಂಗೈಯನ್ನು ಸ್ಟೀರಿಂಗಿನ ಕೆಳತುದಿಗೆ ಇಟ್ಟು ಮೆಲ್ಲಗೆ ಒತ್ತಿದಳು. ಗಾಲಿಗಳು ಪೂರ್ತಿ ತಿರುಗಿದವು. ಅವಳು ನನ್ನನ್ನು ನೋಡಲಿಲ್ಲ. ಇನ್ನೊಂದು ಕಡೆಗೂ ತಿರುಗಿಸಿದಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಎಡಕ್ಕೆ ಯಾರೂ ಇಲ್ಲ. ಬಲಕ್ಕೆ ಯಾರೂ ಇಲ್ಲ" ಎಂದು ಹೊರಟವಳು ಒಂದೂವರೆ ಗಂಟೆ ಬರಲೇ ಇಲ್ಲ. ನಾನೂ ರಮೋನೂ ಮೆಟ್ಟಿಲ ಮೇಲೆ ಕೂತು ಕಾದೆವು. ಬಂದಾಗ ಹಿಂದಿನ ಸೀಟಿನ ತುಂಬ ಬೆಳ್ಳುಳ್ಳಿಯ ಗೊಂಚಲುಗಳಿದ್ದವು.

ಮೊನ್ನೆ ಶನಿವಾರ ಅವಳು ನಮ್ಮ ಮನೆಯ ಮುಂದೆ ಎರಡು ಕಾರುಗಳ ನಡುವಿನ ಇಕ್ಕಟ್ಟಿನಲ್ಲಿ ಒಂದೇ ಸಲಕ್ಕೆ ನಿಲ್ಲಿಸಿದಳು. ದೋಸೆ ತಿನ್ನುವಾಗ ನಾನು ಮತ್ತೆ ಮಾತು ತೆಗೆದೆ.

"ಅಕ್ಕ, ಆ ಎಂಜಿನ್ ಹಾಕಿಬಿಡೋಣ. ಎರಡು ವಾರ ಕಾರು ಬಿಟ್ಟಿರು, ಸಾಕು. ನನ್ನ ಕಾರು ತಗೊಂಡು ಹೋಗು."

ಅವಳು ಎಡಗೈ ಬೆರಳು ಮಡಚಿದಳು. "ಮಂಗಳವಾರ ಭಜನೆ. ಬುಧವಾರ ರಮೋನ್ ಅವರನ್ನ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು, ಅವರಿಗೀಗ ಕಣ್ಣು ಮಂಜು. ಶುಕ್ರವಾರ ಲೈಬ್ರರಿ. ನಿನ್ನ ಕಾರು ಬೈಯುತ್ತೆ. ಎರಡು ವಾರ ಮನೇಲಿ ಕೂತಿರೋಕೆ ನನ್ನ ಕೈಲಾಗಲ್ಲಪ್ಪ."

ಎರಡು ವರ್ಷ ಕೂತಿದ್ದವಳು! ನಾನು ಅವಳ ತಟ್ಟೆಗೆ ಇನ್ನೊಂದು ದೋಸೆ ಹಾಕಿದೆ. ಎಂಜಿನ್ನಿನ ಗುಡುಗು ನಾನು ಈ ಜನ್ಮದಲ್ಲಿ ಕೇಳದಿದ್ದರೂ ಪರವಾಗಿಲ್ಲ ಎಂದು ಮೊದಲ ಸಲ ಅನ್ನಿಸಿತು. ಆದರೆ ಎಣ್ಣೆಯ ಡಬ್ಬಿ ತಂದು ಅವಳ ಕಾರಿಗೆ ಒಂದು ಲೀಟರು ಸುರಿದೆ. ಪ್ರತಿ ಶನಿವಾರವೂ ಸುರಿಯುತ್ತೇನೆ.

ಹೊರಡುವಾಗ ನಾನು ರಸ್ತೆಯ ಬಲಗಡೆ ನಿಂತಿದ್ದೆ. ಕಾರಿನ ಕಿಟಕಿಯ ಗಾಜು ಇಳಿದಿತ್ತು.

"ಎಡಕ್ಕೆ ಯಾರೂ ಇಲ್ಲ" ಎಂದಳು ಅಕ್ಕ. ಕತ್ತು ತಿರುಗಿಸಿದಳು. "ಬಲಕ್ಕೆ ನನ್ನ ತಮ್ಮ ಇದ್ದಾನೆ. ಪಕ್ಕಕ್ಕೆ ಸರಿಯೋ!"

ಸರಿದೆ. ಅವಳು ಒಂದೇ ಅಂಗೈಯಲ್ಲಿ ಸ್ಟೀರಿಂಗು ತಿರುಗಿಸಿಕೊಂಡು ಹೋದಳು.