ಪೂಜೆಗೆ ಮುಂಚಿನ ಗಂಜಿ

ಅರವತ್ತೊಂದನೆಯ ಇಸವಿಯ ಶ್ರಾವಣದಲ್ಲಿ ಒಂದು ಬೆಳಿಗ್ಗೆ ನಾನು ಬಾವಿಕಟ್ಟೆಯ ಹತ್ತಿರ ವಾಂತಿ ಮಾಡಿಕೊಂಡೆ. ಬಂದದ್ದು ಕಾಫಿ ಚರಟದ ಹಾಗೆ ಕಪ್ಪಗಿತ್ತು. ಎರಡು ಕೊಡ ನೀರು ಸುರಿದು ತೊಳೆದುಬಿಟ್ಟೆ. ಆದರೆ ನನ್ನ ನಾಲ್ಕು ವರ್ಷದ ಮಗಳು ಸುಮತಿ ಹಿಂದೆಯೇ ನಿಂತಿದ್ದಳು. "ಆಯಿ ಕಪ್ಪು ಕಕ್ಕಿದ್ಲು" ಎಂದು ಮನೆಯೆಲ್ಲ ಸಾರಿದಳು.

ಹೊನ್ನಾವರದ ಒಬ್ಬ ಶಾಲಾ ಮಾಸ್ತರರ ಹೆಂಡತಿ ನಾನು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ನನಗೆ ಎರಡೂ ಗೊತ್ತಿರಲಿಲ್ಲ. ಎದೆಗುಂಡಿಯಲ್ಲಿ ಉರಿ ಶುರುವಾಗಿ ಎರಡು ವರ್ಷವಾಗಿತ್ತು. ಉರಿ ಬಂದಾಗಲೆಲ್ಲ ಪಾತ್ರೆ ಕುಕ್ಕುತ್ತಿದ್ದೆ, ಮಗಳಿಗೆ ಬೈಯುತ್ತಿದ್ದೆ, ಬೈದದ್ದಕ್ಕೆ ಅಳುತ್ತಿದ್ದೆ. ನನ್ನ ಸ್ವಭಾವವೇ ಹೀಗೆ ಎಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ನಮ್ಮವರು ಶಾಲೆಗೆ ರಜೆ ಹಾಕಿ ನನ್ನನ್ನು ಬಸ್ಸಿನಲ್ಲಿ ಕುಮಟೆಯ ಡಾಕ್ಟರರ ಹತ್ತಿರ ಕರೆದೊಯ್ದರು. ಹೊಟ್ಟೆ ಒತ್ತಿ ನೋಡಿ ಡಾಕ್ಟರು ಕೇಳಿದರು, "ಬೆಳಿಗ್ಗೆ ಎದ್ದು ಎಂತ ತಿಂತೀರಿ ತಂಗಿ?"

"ಚಹಾ ಕುಡಿತೆ."

"ಆಮೇಲೆ?"

"ಆಮೇಲೂ ಚಹಾ."

"ಊಟ?"

"ಎಲ್ಲರದ್ದೂ ಆದ್ಮೇಲೆ. ಮೂರು ಗಂಟೆ ಆಗ್ತದೆ."

ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ನಮ್ಮವರು ಅಷ್ಟರಲ್ಲಿ ಔಷಧಕ್ಕೆಂದು ಖಾಲಿ ಬಾಟಲಿ ಹಿಡಿದು ಕಂಪೌಂಡರನ ಕಿಟಕಿಯ ಎದುರು ನಿಂತಿದ್ದರು, ಒಳಗೆ ಇದ್ದವಳು ನಾನೊಬ್ಬಳೇ. "ಹೊಟ್ಟೆಯೊಳಗೆ ಹುಣ್ಣಾಗಿದೆ. ಔಷಧ ಕೊಡ್ತೇನೆ, ಆದ್ರೆ ಅದು ಅರ್ಧ ಕೆಲಸ. ಎದ್ದ ಒಂದು ತಾಸಿನೊಳಗೆ ಮೆತ್ತಗಿನ ಗಂಜಿ ಹೊಟ್ಟೆಗೆ ಬೀಳಬೇಕು. ಸ್ವಲ್ಪ ಸ್ವಲ್ಪ, ಹೊತ್ತು ತಪ್ಪದೆ, ಕೂತು ಉಣ್ಣಬೇಕು. ಖಾರ, ಕಡು ಚಹಾ ಬಿಡಿ. ಸಿಟ್ಟು ಕಮ್ಮಿ ಮಾಡಿ. ಇನ್ನೊಮ್ಮೆ ಕಪ್ಪು ವಾಂತಿಯಾದ್ರೆ ಘಟ್ಟದ ಮೇಲೆ ದೊಡ್ಡಾಸ್ಪತ್ರೆಗೆ ಹೋಗಿ ಹೊಟ್ಟೆ ಕೊಯ್ಸಬೇಕಾಗ್ತದೆ."

ಸಿಟ್ಟು ಕಮ್ಮಿ ಮಾಡಿ ಎಂದದ್ದಕ್ಕೇ ನನಗೆ ಸಿಟ್ಟು ಬಂತು.

ಮನೆಗೆ ಬಂದು ಅರ್ಧ ಮಾತ್ರ ಹೇಳಿದೆ. ಹುಣ್ಣು ಎಂದೆ, ಔಷಧ ಎಂದೆ, ಕೊಯ್ಸುವ ಮಾತನ್ನೂ ಹೇಳಿದೆ. ಗಂಜಿಯ ಮಾತು ನುಂಗಿಕೊಂಡೆ. ನಮ್ಮ ಮನೆಯಲ್ಲಿ ಮಾವನವರ ಪೂಜೆ ಮುಗಿಯುವಾಗ ಹನ್ನೊಂದಾಗುತ್ತಿತ್ತು. ಅಲ್ಲಿವರೆಗೆ ಹೆಂಗಸರು ಒಂದಗುಳು ಬಾಯಿಗೆ ಹಾಕುವ ಪದ್ಧತಿ ಇರಲಿಲ್ಲ. ಆಮೇಲೆ ಗಂಡಸರ ಊಟ, ಬಂದವರ ಊಟ, ಮಗುವಿನ ಊಟ, ಉಂಡ ಜಾಗಕ್ಕೆ ಗೋಮಯ. ಕೊನೆಗೆ ಅತ್ತೆ ಮತ್ತು ನಾನು. ಸೊಸೆಯಾದವಳು ಅತ್ತೆಯ ಎದುರು ನಿಂತು, ನನಗೆ ಎಲ್ಲರಿಗಿಂತ ಮೊದಲು ಬಡಿಸಿ ಎಂದು ಯಾವ ಬಾಯಿಂದ ಹೇಳಬೇಕು? ಅತ್ತೆ ಕೆಟ್ಟವರಲ್ಲ, ಆದರೆ ಕಟ್ಟುನಿಟ್ಟಿನವರು. ಅವರ ಒಂದು ನೋಟಕ್ಕೆ ಹಾಲು ಉಕ್ಕುವುದನ್ನು ನಿಲ್ಲಿಸಬೇಕು.

ಹೇಳುವ ಬದಲು ಹರಕೆ ಹೊತ್ತೆ. ಮಂಗಳವಾರ, ಶುಕ್ರವಾರ ಮೊದಲೇ ಒಪ್ಪತ್ತು ಮಾಡುತ್ತಿದ್ದೆ, ಈಗ ಸೋಮವಾರವನ್ನೂ ಸೇರಿಸಿದೆ. ಬಾಟಲಿಯ ಔಷಧವನ್ನು ಬರಿಹೊಟ್ಟೆಗೆ ಕುಡಿದೆ. ಹನ್ನೆರಡು ದಿನದಲ್ಲಿ ಕುಪ್ಪಸ ಸಡಿಲವಾಯಿತು. ಸುಮತಿಯ ಜಡೆ ಹೆಣೆಯುವುದನ್ನು ಅರ್ಧಕ್ಕೆ ಬಿಟ್ಟು ಗೋಡೆಗೆ ಒರಗಿದೆ. ನಾನು ಹೋದರೆ ಈ ಜಡೆ ಯಾರು ಹಾಕುತ್ತಾರೆ ಎಂಬುದೊಂದೇ ಯೋಚನೆ. ಹೆದರಿಕೆಯಿಂದ ಉರಿ ಹೆಚ್ಚುವುದು, ಉರಿಯಿಂದ ಹೆದರಿಕೆ ಹೆಚ್ಚುವುದು.

ಕಡೆಗೆ ಶಿರಾಲಿಯ ಆಚೆ ನಮ್ಮ ಮನೆದೇವರಾದ ಅಮ್ಮನವರಲ್ಲಿ ಪ್ರಸಾದ ಕೇಳಿ ಬರುವುದೆಂದಾಯಿತು. ಅತ್ತೆಯೂ ಹೊರಟರು. ಶರಾವತಿಯನ್ನು ಲಾಂಚಿನಲ್ಲಿ ದಾಟಿ, ಆಚೆ ದಡದಲ್ಲಿ ಭಟ್ಕಳದ ಬಸ್ಸು ಹಿಡಿದೆವು. ಬಸ್ಸು ಕುಲುಕಿದಾಗಲೆಲ್ಲ ಬಾಯಿಗೆ ಸೆರಗು ಒತ್ತಿಕೊಂಡೆ. ಬಂದರೆ ಕಪ್ಪಗೇ ಬರುತ್ತದೆ ಎಂಬ ಭಯ. ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟಿದ್ದರು.

ಅಲ್ಲಿ ಭಟ್ಟರು ದೇವಿಯ ಎದೆಗೆ ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಬೇಡ. ನಾನು ಕೇಳಿಸಿದೆ: ಇಪ್ಪತ್ತೊಂದು ದಿನ ಒಪ್ಪತ್ತು ಮಾಡುತ್ತೇನೆ, ಗುಣ ಮಾಡುತ್ತೀಯಾ ತಾಯಿ? ಎಸಳು ಎಡಕ್ಕೆ ಬಿತ್ತು. ಸಾಲದೇನೋ ಎಂದು ನಲವತ್ತೆಂಟು ದಿನ ಎಂದೆ. ಮತ್ತೆ ಎಡಕ್ಕೆ. ನೀರನ್ನೂ ಬಿಟ್ಟು ಮೂರು ದಿನ ಎಂದೆ. ಈ ಸಲ ಎಸಳು ಕದಲಲೇ ಇಲ್ಲ. ಕಾದೆವು, ಕಾದೆವು. ದೇವಿ ನನ್ನೊಡನೆ ಮಾತೇ ಬಿಟ್ಟಳು ಎನ್ನಿಸಿತು.

ನನ್ನ ಹಾಳು ಸಿಟ್ಟು ಅಲ್ಲಿಯೂ ಬಿಡಲಿಲ್ಲ. "ಇನ್ನೆಂತ ಬೇಕು ನಿಂಗೆ? ಇದ್ದದ್ದು ಅನ್ನ ಒಂದು, ಅದನ್ನೂ ಬಿಟ್ಟೆ" ಎಂದು ಗರ್ಭಗುಡಿಯ ಎದುರೇ ಕೂಗಿ ಕುಸಿದೆ.

ವಯಸ್ಸಾದ ಭಟ್ಟರು ಹೊರಗೆ ಬಂದರು. "ತಂಗಿ, ಬೆಳಗಿಂದ ಎಂತ ತಿಂದಿದ್ದೆ?"

"ನಿನ್ನೆ ಮಧ್ಯಾಹ್ನದಿಂದ ಎಂತದೂ ಇಲ್ಲೆ."

"ಡಾಕ್ಟ್ರು ಹೀಂಗೇ ಇರಲೆ ಹೇಳಿದ್ರಾ?"

ಅಮ್ಮನವರ ಎದುರು ಸುಳ್ಳು ಬರಲಿಲ್ಲ. ಕುಮಟೆಯಲ್ಲಿ ನುಂಗಿದ್ದನ್ನೆಲ್ಲ ಅಲ್ಲಿ ಕಕ್ಕಿದೆ. ಅತ್ತೆಯ ಮುಖ ನೋಡುವ ಧೈರ್ಯವಾಗಲಿಲ್ಲ. ಭಟ್ಟರು ಒಳಗೆ ಹೋಗಿ ಹೊಸ ಎಸಳು ಅಂಟಿಸಿ ಗಟ್ಟಿಯಾಗಿ ಕೇಳಿದರು: "ತಾಯಿ, ಈ ಕೂಸು ದಿನಾ ಪೂಜೆಗೆ ಮುಂಚೆ ಗಂಜಿ ಉಂಡರೆ ನಿನ್ನ ಒಪ್ಪಿಗೆ ಇದ್ದಾ?"

ಅವರ ಮಾತು ಮುಗಿಯುವುದರೊಳಗೆ ಎಸಳು ಬಲಕ್ಕೆ ಬಿತ್ತು. ನೀರು ಆರಿ ಬಿತ್ತು ಎನ್ನುವವರು ಅನ್ನಲಿ. ನನ್ನ ಮೈ ಜುಮ್ಮೆಂದದ್ದು ನನಗೆ ಗೊತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ, ಲಾಂಚಿನಲ್ಲಿ ಅತ್ತೆ ಒಂದು ಮಾತೂ ಆಡಲಿಲ್ಲ. ಮನೆಯ ಮರ್ಯಾದೆ ಭಟ್ಟರ ಎದುರು ಹೋಯಿತೆಂದು ಮುನಿದಿದ್ದಾರೆ, ನಾಳೆ ಏನು ಕಾದಿದೆಯೋ ಎಂದುಕೊಂಡೆ. ಹೊಟ್ಟೆಯ ಉರಿಗಿಂತ ಆ ಹೆದರಿಕೆ ಹೆಚ್ಚಾಗಿತ್ತು.

ಮರುದಿನ ನಾನು ಏಳುವಾಗ ಒಲೆ ಹತ್ತಿತ್ತು. ಮಾವನವರು ಇನ್ನೂ ಸ್ನಾನಕ್ಕೆ ಹೋಗಿರಲಿಲ್ಲ. ಅಡುಗೆಮನೆಯಲ್ಲಿ ಮಣೆ ಹಾಕಿ, ಮೆತ್ತಗೆ ಬೆಂದ ಗಂಜಿಗೆ ಚೂರು ತುಪ್ಪ ಬಿಟ್ಟು ಅತ್ತೆ ಕಾಯುತ್ತಿದ್ದರು.

"ಕೂತ್ಕ. ನಿಧಾನ ಉಣ್ಣು."

ಕೂತೆ. ತುತ್ತು ಎತ್ತುವಾಗ ನೋಡುತ್ತೇನೆ, ನನ್ನ ಪಕ್ಕದಲ್ಲಿ ಇನ್ನೊಂದು ಮಣೆ, ಇನ್ನೊಂದು ಬಟ್ಟಲು.

"ಇದು ಯಾರಿಗೆ ಅತ್ತೆ?"

ಅವರು ಸೆರಗು ಸಿಕ್ಕಿಸಿಕೊಂಡು ಕೂತರು. "ನಂಗೆ. ನಂಗೂ ಇದ್ದು ಮಗಾ, ಇದೇ ಉರಿ. ಮೂವತ್ತು ವರ್ಷ ಆತು. ಯಾರ ಹತ್ರ ಹೇಳದು?"

ನಾನು ಅತ್ತುಬಿಟ್ಟೆ. "ಉಣ್ಣುವಾಗ ಅಳಡ, ಮೈಗೆ ಹತ್ತತಿಲ್ಲೆ" ಎಂದು ಗದರಿದರು. ಅವರ ಕಣ್ಣೂ ಒದ್ದೆಯಾಗಿತ್ತು. ಸ್ನಾನ ಮುಗಿಸಿ ಬಂದ ಮಾವನವರು ಬಾಗಿಲಲ್ಲಿ ನಿಂತು ನೋಡಿದರು. "ಅಮ್ಮನವರ ಅಪ್ಪಣೆ ಆಜು" ಎಂದರು ಅತ್ತೆ, ತಲೆ ಎತ್ತದೆ. ಮಾವ ಹೂ ಕೊಯ್ಯಲು ಹೋದರು.

ಕಪ್ಪು ವಾಂತಿ ಮತ್ತೆ ಆಗಲಿಲ್ಲ. ದೀಪಾವಳಿಯ ಹೊತ್ತಿಗೆ ಕುಮಟೆಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಕೊಯ್ಸುವುದು ಬೇಡ ಎಂದರು. ಸಿಟ್ಟು ಪೂರ್ತಿ ಹೋಗಿದೆ ಎಂದರೆ ಸುಮತಿ ನಗುತ್ತಾಳೆ, ಆದರೆ ಪಾತ್ರೆ ಕುಕ್ಕುವ ಸದ್ದು ಈಗ ಅಪರೂಪ.

ಈ ಮಾತಿಗೆ ಆರು ವರ್ಷವಾಯಿತು. ದೇವಿ ನನ್ನಿಂದ ಏನನ್ನೂ ಬಿಡಿಸಿಕೊಳ್ಳಲಿಲ್ಲ, ಬಿಟ್ಟದ್ದನ್ನು ತಿರುಗಿ ಕೊಟ್ಟಳು. ಅವಳ ಪಾದಕ್ಕೆ ನನ್ನ ಕೋಟಿ ನಮಸ್ಕಾರ. ಅಕ್ಕತಂಗಿಯರೇ, ಹರಕೆ ಹೊರುವುದಿದ್ದರೆ ಹೊರಿ, ಆದರೆ ಉಂಡು ಹೋಗಿ. ಹೋಗುವ ಮೊದಲು ನಿಮ್ಮ ಅತ್ತೆ ಉಂಡರೋ ಎಂದು ಒಮ್ಮೆ ಕೇಳಿ.